ಮುಟ್ಟದೆ ಬಿಟ್ಟ ಚೆಂಡುಗಳು

ಏಳು ಸಮುದ್ರದಾಚೆ ಅಲ್ಲ, ಒಂದೇ ಸಮುದ್ರದಾಚೆ, ಪೆನಾಂಗ್ ಎಂಬ ದ್ವೀಪದಲ್ಲಿ ಒಬ್ಬ ರಾಜನಿದ್ದ. ಅವನ ರಾಜ್ಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹುಟ್ಟಿ ಹನ್ನೊಂದಕ್ಕೆ ಮುಗಿದುಹೋಗುತ್ತಿತ್ತು. ಬಯಾನ್ ಲೆಪಾಸ್ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡ ಒಂದು ಹುಲ್ಲುಮೈದಾನ, ಬೇಸ್‌ಬಾಲ್ ಆಟದ ನಾಲ್ಕು ಬೇಸ್, ಹದಿನಾಲ್ಕು ಪ್ರಜೆಗಳು, ಇಷ್ಟೇ ಆ ರಾಜ್ಯ. ರಾಜನ ಹೆಸರು ಡೆಸ್ಮಂಡ್ ಪಿಂಟೊ, ಊರು ಮಂಗಳೂರು. ವಾರದ ಮಿಕ್ಕ ದಿನಗಳಲ್ಲಿ ಅವನು ನಮ್ಮ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಯ ಗುಣಮಟ್ಟ ವಿಭಾಗದ ಮ್ಯಾನೇಜರ್, ನನ್ನ ಮೇಲಧಿಕಾರಿ. ಸಂಬಳ ಕೊಡಿಸುವವರನ್ನು ಏಕವಚನದಲ್ಲಿ ಬರೆದು ಅಭ್ಯಾಸವಿಲ್ಲ. ಇಲ್ಲಿಂದ ಮುಂದೆ ಅವರು ಎನ್ನುತ್ತೇನೆ.

ಕತೆಯನ್ನು ರಾಜನಿಂದ ಶುರು ಮಾಡುವುದು ಅಜ್ಜಿ ಕಾಂತಮ್ಮನಿಂದ ಬಂದದ್ದು. ಗುಬ್ಬಿಯ ಬಾಡಿಗೆ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಅವಳು ಹೇಳುತ್ತಿದ್ದ ಕತೆಗಳಲ್ಲಿ ಕ್ಷಮೆ ಎಂಬುದೇ ಇರುತ್ತಿರಲಿಲ್ಲ. ಕೆಟ್ಟವರನ್ನು ಕಾಯಿಸಿದ ಎಣ್ಣೆಗೆ, ಹಾಳುಬಾವಿಗೆ, ಹುಲಿಯ ಗವಿಗೆ ಅವಳು ಒಂದೊಂದಾಗಿ ಕಳಿಸುತ್ತಿದ್ದಳು. "ಮಗೂಗೆ ಇಂಥದ್ದೆಲ್ಲ ಯಾಕಮ್ಮ ಹೇಳ್ತೀಯ?" ಎಂದು ಅಮ್ಮ ಆಕ್ಷೇಪಿಸಿದರೆ ಅಜ್ಜಿ ತಲೆ ಎತ್ತದೆ ಹೇಳುತ್ತಿದ್ದಳು: "ಸೇಡು ತೀರ್ದೆ ಇದ್ರೆ ಮಗೂಗೆ ನಿದ್ದೆ ಹೆಂಗೆ ಬರುತ್ತೆ?"

ನನಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು. ಹಗಲಲ್ಲೂ. ಕಾರ್ಖಾನೆಗಳ ಬೇಸ್‌ಬಾಲ್ ಲೀಗಿಗೆ ನಮ್ಮ ತಂಡ ಸೇರಿದಾಗ, ಪ್ರತಿ ತಂಡದಲ್ಲೂ ಹೆಣ್ಣುಮಕ್ಕಳಿರಬೇಕೆಂಬ ನಿಯಮದಿಂದಾಗಿ ನನ್ನನ್ನೂ ಎಳೆದುಕೊಂಡು ಹೋಗಿ ಮೈದಾನದ ಮೂಲೆಯಲ್ಲಿ ನಿಲ್ಲಿಸಿದ್ದರು. ಇಳಿಯುತ್ತಿದ್ದ ವಿಮಾನದ ಬಿಳಿ ಹೊಟ್ಟೆ ನೋಡುತ್ತ ನಿಂತವಳ ಪಕ್ಕದಲ್ಲೇ ಚೆಂಡು ಬಿದ್ದದ್ದು ನನಗೆ ತಿಳಿಯಲಿಲ್ಲ. ಅಂದಿನಿಂದ ಕೈಯ ಗ್ಲೋವ್ ಹೋಗಿ ಪೆನ್ಸಿಲ್ ಬಂತು. ಸ್ಕೋರ್ ಪುಸ್ತಕ ಬರೆಯುವುದು, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಆಟದ ವಿಡಿಯೊ ತೆಗೆಯುವುದು, ಇವೆರಡು ನನ್ನ ಕೆಲಸ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಹೊಡೆದವರು ಓಡುತ್ತ ಒಂದಾದ ಮೇಲೊಂದು ಮುಟ್ಟಬೇಕಾದ ನಾಲ್ಕು ಗುರುತುಗಳೇ ಬೇಸ್. ಕ್ರಿಕೆಟ್ಟಿನಲ್ಲಿ ಕವರ್, ಪಾಯಿಂಟ್ ಎಂದು ಜನರನ್ನು ನಿಲ್ಲಿಸುವಂತೆ ಇಲ್ಲಿ ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವವರಿಗೆ ಶಾರ್ಟ್‌ಸ್ಟಾಪ್ ಎಂದು ಹೆಸರು. ಹೊಡೆದ ಚೆಂಡು ನೆಲದ ಮೇಲೆ ಹಾವಿನಂತೆ ಹರಿದು ಹೆಚ್ಚಾಗಿ ಬರುವುದು ಆ ಕಡೆಗೇ. ತಡೆದರೆ ಸಾಲದು. ಹೊಡೆದವನು ಓಡಿ ಮೊದಲನೆಯ ಬೇಸ್ ಮುಟ್ಟುವುದರೊಳಗೆ ಚೆಂಡನ್ನು ಅಷ್ಟು ದೂರ ಎಸೆದು ಮುಟ್ಟಿಸಬೇಕು. ಮುಟ್ಟಿಸಿದರೆ ಅವನು ಔಟ್. ಕೈಗೆ ಬಂದದ್ದನ್ನು ಜಾರಿಸಿದರೆ, ಎಸೆತ ಅಡ್ಡಾದಿಡ್ಡಿಯಾದರೆ ಶಾರ್ಟ್‌ಸ್ಟಾಪ್ ಹೆಸರಿಗೆ ಒಂದು ತಪ್ಪು. ಕೈಗೇ ಎಟುಕದೆ ಪಕ್ಕದಿಂದ ಹರಿದುಹೋದರೆ ತಪ್ಪಿಲ್ಲ. ಅದು ಹೊಡೆದವನ ಹೆಗ್ಗಳಿಕೆ, 'ಹಿಟ್' ಎಂದು ಬರೆಯಬೇಕು. ಈ ಕೊನೆಯ ಸಾಲಿನ ಬಗ್ಗೆ ಆಗ ನಾನು ಯೋಚಿಸಿರಲೇ ಇಲ್ಲ.

ನಮ್ಮ ಶಾರ್ಟ್‌ಸ್ಟಾಪ್ ಮದೀಹಾ ನದಾಫ್. ಹುಬ್ಬಳ್ಳಿಯವಳು, ಧಾರವಾಡದಲ್ಲಿ ಓದುವಾಗ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡದಲ್ಲಿದ್ದವಳು, ಈಗ ನಮ್ಮ ಕಾರ್ಖಾನೆಯಲ್ಲಿ ಎಂಜಿನಿಯರ್. ಇಲ್ಲಿ ಕಾಂಡೊಮಿನಿಯಮ್ ಎನ್ನುವ ಅಪಾರ್ಟ್‌ಮೆಂಟಿನ ಒಂದೇ ಮನೆಯಲ್ಲಿ ನಾವಿಬ್ಬರೂ ಇರುವುದು. ಅವಳು ನನಗೆ ರೊಟ್ಟಿ ಬಡಿಯಲು ಕಲಿಸಿದಳು. ನಾನು ಅವಳಿಗೆ ಅಜ್ಜಿಯ ಕತೆಗಳನ್ನು ಹೇಳುತ್ತಿದ್ದೆ. ಡೆಸ್ಮಂಡ್ ಸರ್ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. "ಹುಬ್ಬಳ್ಳಿ, ಬಾ." "ಹುಬ್ಬಳ್ಳಿ, ಸ್ವಲ್ಪ ಹಿಂದೆ ನಿಲ್ಲು."

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ಬೋರ್ಡುಗಳನ್ನು ಪರೀಕ್ಷಿಸುವ ಪ್ರತಿ ಮೇಜಿನ ಮುಂದೆ ಒಂದು ಚಾರ್ಟ್. ಅಲ್ಲಿ ಕೂತವರು ತಪ್ಪು ಮಾಡಿದಾಗಲೆಲ್ಲ ಅದರ ಮೇಲೆ ಒಂದು ಕೆಂಪು ಚುಕ್ಕೆ. ತಪ್ಪು ಕಣ್ಣಿಗೆ ಬೀಳುತ್ತಿದ್ದರೆ ಕಡಿಮೆಯಾಗುತ್ತದೆ ಎಂಬುದು ನಂಬಿಕೆ. ಐದನೆಯ ಪಂದ್ಯದ ಹಿಂದಿನ ದಿನ ಡೆಸ್ಮಂಡ್ ಸರ್ ನನ್ನ ಮೇಜಿನ ಬಳಿ ನಿಂತರು. "ಇಂಚರಾ, ತಂಡಕ್ಕೂ ಒಂದು ಅಂಥದ್ದೇ ಮಾಡು ಮಾರಾಯ್ತಿ. ಯಾರ ಕೈ ಹೇಗುಂಟು ಅಂತ ಎಲ್ಲರಿಗೂ ಕಾಣ್ಲಿ." ಮಾಡಿದೆ. ಚಂದವಾಗಿ ಗೆರೆ ಎಳೆದು, ಹೆಸರುಗಳನ್ನು ನನ್ನ ಗುಂಡು ಅಕ್ಷರಗಳಲ್ಲಿ ಬರೆದು, ಹಿಂದಿನ ನಾಲ್ಕು ಪಂದ್ಯಗಳ ಚುಕ್ಕೆ ಅಂಟಿಸಿದೆ. ಭಾನುವಾರ ಪಂದ್ಯ ಮುಗಿದ ಮೇಲೆ ಕೊನೆಯ ಚುಕ್ಕೆಗಳನ್ನೂ ಅಂಟಿಸಿ ಕೈಗೆ ಕೊಟ್ಟೆ.

ಅಂದು ಎಲ್ಲರೂ ಎಂದಿನಂತೆ ಮಮಾಕ್ ಅಂಗಡಿಗೆ ಹೋದೆವು. ತಮಿಳು ಮುಸ್ಲಿಮರ ಆ ಹೋಟೆಲಿನಲ್ಲಿ ಪರೋಟದಂಥ ರೋಟಿ ಚನಾಯ್ ತಿಂದು, ನೊರೆಯೆಬ್ಬಿಸಿದ ತೆ ತಾರಿಕ್ ಚಹಾ ಕುಡಿಯದೆ ನಮ್ಮ ಭಾನುವಾರ ಮುಗಿಯುವುದಿಲ್ಲ. ಡೆಸ್ಮಂಡ್ ಸರ್ ಎದ್ದು ನಿಂತು ಚಾರ್ಟನ್ನು ಗಂಟೆ ಹೊಡೆದಂತೆ ಜೋರಾಗಿ ಓದಿದರು. ಒಂದು ಚುಕ್ಕೆ, ಎರಡು ಚುಕ್ಕೆ, ಸೊನ್ನೆ. ಕೊನೆಗೆ: "ನಮ್ಮ ಹುಬ್ಬಳ್ಳಿಗೆ ಏಳು. ಏಳು ಉಂಟು. ಇದು ಕೈಯಾ ಜರಡಿಯಾ?" ಅಷ್ಟಕ್ಕೇ ಬಿಡಲಿಲ್ಲ. ಒಳಗೆ ಹೋಗಿ ಅಂಗಡಿಯವರ ಚಹಾ ಸೋಸುವ ಜರಡಿಯನ್ನು ಕೇಳಿ ತಂದರು. ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, ಟ್ರೋಫಿ ಕೊಡುವ ಹಾಗೆ ಅವಳ ಮುಂದೆ ಚಾಚಿದರು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮದೀಹಾ ಎದ್ದು ನಿಂತು ಜರಡಿ ತೆಗೆದುಕೊಂಡಳು. "ಥ್ಯಾಂಕ್ಸ್ ರೀ ಸರ್," ಎಂದಳು. ಅದರಿಂದ ಹಳೆಯ ಚಹಾಪುಡಿಯ ನೀರು ಅವಳ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಕೂರುವ ಮೊದಲೇ ಡೆಸ್ಮಂಡ್ ಸರ್, ಮುಂದಿನ ವಾರದಿಂದ ಶಾರ್ಟ್‌ಸ್ಟಾಪ್ ಕೆಲ್ವಿನ್ ಎಂದು ಹೇಳಿಯಾಗಿತ್ತು. ಈ ಕೆಲ್ವಿನ್, ಡೆಸ್ಮಂಡ್ ಸರ್ ಅಕ್ಕ ಫಿಲೊಮಿನಾ ಅವರ ಮಗ, ಇಪ್ಪತ್ತನಾಲ್ಕು ವರ್ಷ, ಇಲ್ಲೇ ಹುಟ್ಟಿ ಬೆಳೆದವನು.

ಮನೆಗೆ ಬಂದು ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದವಳ ಹಿಂದೆ ನಿಂತು ನಾನು ಏನೋ ಸಮಾಧಾನದ ಮಾತು ಶುರು ಮಾಡಿದೆ. ಅವಳು ತಿರುಗಲಿಲ್ಲ.

"ಚಾರ್ಟ್ ಬರದಾಕಿ ನೀನ. ಅಕ್ಷರ ನೋಡಿದ್ರ ಗೊತ್ತಾಗೂದಿಲ್ಲೇನ ನಂಗ?"

"ಅವರು ಹೇಳಿದ್ರು, ಮಾಡ್ದೆ ಕಣೇ. ಹೀಗೆ ಓದ್ತಾರೆ ಅಂತ..."

"ಓದಿದ್ದು ಅವ್ರು. ನಕ್ಕಿದ್ದು ನೀನೂ."

ಸೋಪಿನ ನೊರೆ ಅವಳ ಮೊಣಕೈವರೆಗೆ ಏರಿತ್ತು. ಲೀಗಿನ ಎಲ್ಲ ತಂಡಗಳಿಂದ ಆರಿಸಿದವರ ಪೆನಾಂಗ್ ತಂಡವೊಂದು ದ್ವೀಪದಾಚೆಯ ಊರು ಇಪೊಹ್‌ನ ಪಂದ್ಯಾವಳಿಗೆ ಹೋಗುವುದಿತ್ತು. ಅದಕ್ಕೆ ಶಾರ್ಟ್‌ಸ್ಟಾಪ್ ಕೊಡುವ ಸರದಿ ನಮ್ಮ ತಂಡದ್ದು. ಮೂರು ತಿಂಗಳಿಂದ ಅವಳು ಬೆಳಿಗ್ಗೆ ಐದೂವರೆಗೆ ಎದ್ದು ಕಾರ್ ಪಾರ್ಕಿಂಗ್ ಗೋಡೆಗೆ ಚೆಂಡು ಹೊಡೆದು ಹಿಡಿಯುತ್ತಿದ್ದುದು ಅದಕ್ಕಾಗಿ. ಅದು ಕೆಲ್ವಿನ್‌ಗೆ ಹೋಯಿತೆಂದು ಇಬ್ಬರಿಗೂ ಗೊತ್ತಿತ್ತು.

ಆಗ ನಾನು ಹೇಳಿದೆ. ಅಜ್ಜಿಯ ಕತೆಯ ಹುಡುಗಿಯರು ಹೇಳುವ ಹಾಗೆಯೇ, ಸ್ನಾನದ ಮನೆಯ ಹೊಸ್ತಿಲ ಮೇಲೆ ನಿಂತು: "ಅವರ ಬಾಯಲ್ಲೇ, ಅದೇ ಜನರ ಮುಂದೆ, ಶಾರ್ಟ್‌ಸ್ಟಾಪ್ ನೀನೇ ಅಂತ ಓದಿಸ್ತೀನಿ. ಹುಬ್ಬಳ್ಳಿ ಅಂತಲ್ಲ, ನಿನ್ನ ಪೂರ್ತಿ ಹೆಸರು. ಅಲ್ಲೀತನಕ ನಾನು ಮಮಾಕಲ್ಲಿ ಒಂದು ತೊಟ್ಟು ಚಹಾ ಕುಡಿಯಲ್ಲ."

"ನೀರ್ ಕುಡಿ," ಎಂದಳು ಮದೀಹಾ. ಆ ವಾರದಿಂದ ಅವಳು ಮೈದಾನಕ್ಕೆ ಬರುವುದನ್ನು ನಿಲ್ಲಿಸಿದಳು.

ಮಾತು ಕೊಟ್ಟದ್ದಾಯಿತು, ದಾರಿ ಮಾತ್ರ ಗೊತ್ತಿರಲಿಲ್ಲ. ಆರನೆಯ ಪಂದ್ಯದಲ್ಲಿ ಕೆಲ್ವಿನ್ ಆಡಿದ. ನೋಡಲು ಸೊಗಸು: ಬಂದ ಚೆಂಡನ್ನು ಹೂ ಎತ್ತಿದಂತೆ ಎತ್ತಿ ನೇರ ಎಸೆಯುತ್ತಿದ್ದ. ಆದರೆ ನಮ್ಮ ತಂಡ ಸೋತಿತು. ಏಳನೆಯದರಲ್ಲೂ ಸೋತಿತು. ನಾನು ಪುಸ್ತಕದಲ್ಲಿ 'ಹಿಟ್' ಎಂದು ಬರೆದೆ, ಮತ್ತೆ 'ಹಿಟ್' ಎಂದು ಬರೆದೆ. ನಾಲ್ಕನೆಯ ಸಲ ಬರೆಯುವಾಗ ಪೆನ್ಸಿಲ್ ನಿಂತಿತು. ಎರಡನೆಯ ಬೇಸಿನ ಕಡೆಗೆ ಹರಿದ ಆ ಚೆಂಡಿಗೆ ಕೆಲ್ವಿನ್ ಎರಡು ಹೆಜ್ಜೆ ಹಾಕಿ ನಿಂತುಬಿಟ್ಟಿದ್ದ. ಮದೀಹಾ ಆಗಿದ್ದರೆ ಅಲ್ಲಿರುತ್ತಿದ್ದಳು. ಇದ್ದು, ಹಿಡಿದು, ಆತುರದಲ್ಲಿ ಜಾರಿಸಿಯೂ ಇರುತ್ತಿದ್ದಳು. ನಾನು ಅವಳಿಗೆ ಕೆಂಪು ಚುಕ್ಕೆ ಅಂಟಿಸುತ್ತಿದ್ದೆ.

ಅಂದು ಮಮಾಕಿನಲ್ಲಿ ಬಿಸಿನೀರಿನ ಲೋಟ ಹಿಡಿದು ಮೆಲ್ಲಗೆ ಬಾಯಿ ಬಿಟ್ಟೆ. "ಡೆಸ್ಮಂಡ್ ಸರ್, ಶಾರ್ಟ್‌ಸ್ಟಾಪ್ ಒಳ್ಳೆಯವರು ಅಂತ ಹೇಗೆ ಹೇಳೋದು?"

"ತಪ್ಪು ಮಾಡದವನು ಒಳ್ಳೆಯವನು. ಇದಕ್ಕೆ ಎಂತ ಸಂಶಯ? ಎರಡು ಪಂದ್ಯ, ಕೆಲ್ವಿನ್‌ಗೆ ಒಂದು ಚುಕ್ಕೆ ಇಲ್ಲ."

"ಆದ್ರೆ ಅವನು ಮುಟ್ಟದೇ ಬಿಟ್ಟ ಚೆಂಡಿಗೆ ಚುಕ್ಕೆನೇ ಇಲ್ವಲ್ಲ. ಮದೀಹಾ ಅಂಥದ್ದಕ್ಕೂ ಹಾರಿ ಹಿಡೀತಿದ್ಲು."

ಆಗ ನಿತ್ಯಾನಂದ ನಡುವೆ ಬಂದರು. ನಮ್ಮ ಮೆಂಟೆನೆನ್ಸ್ ವಿಭಾಗದ ಹಿರಿಯರು, ಐವತ್ತೆಂಟು ದಾಟಿದವರು, ತಂಡಕ್ಕೆ ಅಭ್ಯಾಸ ಮಾಡಿಸುವವರು, ನಮಗೆಲ್ಲ ನಿತ್ಯಣ್ಣ. "ಹಾರೋದನ್ನ ನೋಡಿ ಮರುಳಾಗಬೇಡಮ್ಮ ಇಂಚರಾ. ತಡವಾಗಿ ಹೊರಟವರೇ ಕೊನೇಲಿ ಹಾರಬೇಕಾಗೋದು. ಬಸ್ಸಿಗೆ ಮೊದಲೇ ಹೋಗಿ ನಿಂತವನು ಓಡ್ತಾನಾ? ಒಳ್ಳೇ ಶಾರ್ಟ್‌ಸ್ಟಾಪ್ ಮಾಡಿದ್ದು ಸುಲಭವಾಗೇ ಕಾಣಬೇಕು."

"ಕೇಳಿದ್ಯಾ? ಸಿನಿಮಾ ಬೇರೆ, ಆಟ ಬೇರೆ," ಎಂದರು ಡೆಸ್ಮಂಡ್ ಸರ್.

"ನಾನು ಕೆಲ್ವಿನ್ ಪರ ಹೇಳಲಿಲ್ಲ," ಎಂದರು ನಿತ್ಯಣ್ಣ. "ಇಬ್ಬರಲ್ಲಿ ಯಾರು ಮೊದಲು ಹೊರಡ್ತಾರೆ ಅಂತ ನನಗೆ ಗೊತ್ತಿಲ್ಲ. ಕೈ ನೋಡಿದೀವಿ, ಕಾಲು ಯಾರೂ ನೋಡಿಲ್ಲ."

ಕೆಲ್ವಿನ್ ರೋಟಿ ಹರಿಯುತ್ತ ಭುಜ ಕುಣಿಸಿ, ಇಲ್ಲಿಯವರಂತೆ ಕೊನೆಗೊಂದು 'ಲಾ' ಸೇರಿಸಿ ಹೇಳಿದ. "ಐ ಜಸ್ಟ್ ಸ್ಟ್ಯಾಂಡ್ ವೇರ್ ಅಂಕಲ್ ಟೆಲ್ ಮಿ ಲಾ."

"ನೋಡು ಇಂಚರಾ," ಡೆಸ್ಮಂಡ್ ಸರ್ ಚಮಚದಿಂದ ಮೇಜು ತಟ್ಟಿದರು, "ನೀನು ಆಕಾಶ ನೋಡುವವಳು. ಆಕಾಶ ನೋಡು. ಲೆಕ್ಕ ನಾವು ನೋಡ್ತೇವೆ."

ಆಕಾಶ ನೋಡಲಿಲ್ಲ. ಆ ವಾರದಿಂದ ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಂಟೀನಿಗೆ ಹೋಗದೆ, ತಪಾವ್ ಮಾಡಿಸಿದ, ಅಂದರೆ ಪಾರ್ಸೆಲ್ ತಂದ, ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನದ ಪೊಟ್ಟಣ ಬಿಚ್ಚಿಟ್ಟುಕೊಂಡು ವಿಡಿಯೊ ನೋಡಿದೆ. ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ನೋಡಿದೆ. ಮದೀಹಾ ಆಡಿದ ಐದು ಪಂದ್ಯ, ಕೆಲ್ವಿನ್ ಆಡಿದ ನಾಲ್ಕು. ಲೀಗ್ ಮುಗಿಯುವವರೆಗೂ ಎಣಿಸಿದೆ. ಶಾರ್ಟ್‌ಸ್ಟಾಪ್ ಕಾಯಬೇಕಾದ ಜಾಗಕ್ಕೆ ಬಂದ ಪ್ರತಿ ನೆಲದ ಚೆಂಡಿಗೂ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ. ಕೈಗೆ ಸಿಕ್ಕಿತೋ ಇಲ್ಲವೋ ಎಂದು ಕೇಳಲಿಲ್ಲ, ಬಂದದ್ದನ್ನೆಲ್ಲ ಎಣಿಸಿದೆ. ನೋಡುತ್ತ ನೋಡುತ್ತ ಇನ್ನೊಂದು ಕಂಡಿತು. ಕೆಲ್ವಿನ್ ಹೊರಡುತ್ತಿದ್ದುದು ಬ್ಯಾಟಿನ ಸದ್ದಾದ ಮೇಲೆ. ಮದೀಹಾ ಹೊಡೆಯುವವನ ಮುಂಗಾಲು ನೋಡುತ್ತಿದ್ದಳು. ಅದು ಯಾವ ಕಡೆಗೆ ತಿರುಗಿತೋ ಆ ಕಡೆಗೆ ಸದ್ದಿಗೂ ಮೊದಲೇ ಅವಳ ಮೈ ವಾಲಿರುತ್ತಿತ್ತು.

ಮದೀಹಾ ಕಡೆಗೆ ಬಂದದ್ದು ಅರವತ್ತೆರಡು: ನಲವತ್ತೇಳು ಔಟ್, ಏಳು ತಪ್ಪು, ಎಂಟು ಮುಟ್ಟದೆ ಹೋದವು. ಕೆಲ್ವಿನ್ ಕಡೆಗೆ ಐವತ್ತನಾಲ್ಕು: ಮೂವತ್ತೊಂದು ಔಟ್, ತಪ್ಪು ಸೊನ್ನೆ, ಮುಟ್ಟದೆ ಹೋದವು ಇಪ್ಪತ್ತಮೂರು. ಅಂದರೆ ನೂರು ಚೆಂಡು ಬಂದರೆ ಅವಳು ಎಪ್ಪತ್ತಾರು ಜನರನ್ನು ಔಟ್ ಮಾಡುತ್ತಾಳೆ, ಅವನು ಐವತ್ತೇಳು. ಆ ಇಪ್ಪತ್ತಮೂರಕ್ಕೂ 'ಹಿಟ್' ಎಂದು ಬರೆದ ಕೈ ನನ್ನದು.

ಇದನ್ನು ನೇರ ತೋರಿಸಿದರೆ ಏನಾಗುತ್ತದೆಂದು ಗೊತ್ತಿತ್ತು. "ಗೆಳತಿಗಾಗಿ ಮಾಡಿದ ಲೆಕ್ಕ" ಎಂದು ನಕ್ಕು, ಇನ್ನೊಂದು ಜರಡಿ ತರಿಸುತ್ತಿದ್ದರು.

ಅಜ್ಜಿಯ ಕತೆಯೊಂದು ನೆನಪಾದದ್ದು ಅಲ್ಲಿಯೇ, ಆ ಚುಕ್ಕೆಗಳ ಮುಂದೆ. ಒಬ್ಬ ಮಂತ್ರಿ ರಾಣಿಯ ಮಗುವನ್ನು ಕದ್ದು ಹೊಳೆಗೆ ಎಸೆದಿರುತ್ತಾನೆ. ಮಗು ಬದುಕಿ, ಹದಿನೆಂಟು ವರ್ಷದ ನಂತರ ವ್ಯಾಪಾರಿಯ ವೇಷದಲ್ಲಿ ಅದೇ ಆಸ್ಥಾನಕ್ಕೆ ಬರುತ್ತದೆ. "ಮಂತ್ರಿಗಳೇ, ನಮ್ಮೂರಲ್ಲಿ ಒಬ್ಬ ಹಸುವಿನ ಕರು ಕದ್ದು ಹೊಳೆಗೆ ಎಸೆದ. ಏನು ಶಿಕ್ಷೆ?" ಮಂತ್ರಿ ಮೀಸೆ ತಿರುವುತ್ತ "ಅವನನ್ನೂ ಅದೇ ಹೊಳೆಗೆ ಎಸೀರಿ" ಎನ್ನುತ್ತಾನೆ. ಇಲ್ಲಿ ಅಜ್ಜಿ ಒಂದು ಅವರೆಕಾಯಿ ಪೂರ್ತಿ ಬಿಡಿಸಿ, ಆಮೇಲೆ ನಿಧಾನವಾಗಿ ಹೇಳುತ್ತಿದ್ದಳು: "ಮಂತ್ರಿ ಬಾಯಲ್ಲಿ ಬಂದ ತೀರ್ಪನ್ನ ಬರೆಸ್ಕೊಂಡ್ರು."

ರಾಕ್ಷಸರ ಪ್ರಾಣ ಗಿಳಿಯಲ್ಲಿರುತ್ತದೆ. ಡೆಸ್ಮಂಡ್ ಸರ್ ಪ್ರಾಣ ಇದ್ದದ್ದು ಅವರ ಸಹಿಯಲ್ಲಿ. ಅದನ್ನು ಹಾಕಿದ ಕಾಗದವನ್ನು ಅವರು ಎಂದೂ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ಅದು ಅವರ ದೊಡ್ಡ ಹೆಮ್ಮೆ.

ಹೊಸದಾಗಿ ಸೇರುವ ಇನ್‌ಸ್ಪೆಕ್ಟರುಗಳ ತರಬೇತಿಗೆ ಪ್ರಶ್ನೆಗಳನ್ನು ತಯಾರಿಸುವುದು ನನ್ನ ಕೆಲಸಗಳಲ್ಲೊಂದು. ಅಂಥದ್ದೇ ಒಂದು ಪ್ರಶ್ನೆ ಬರೆದೆ. ಬೋರ್ಡ್ ಪರೀಕ್ಷಿಸುವವರು ಇಬ್ಬರು, ಎ ಮತ್ತು ಬಿ. ಎ ಮುಂದೆ ಅರವತ್ತೆರಡು ಕೆಟ್ಟ ಬೋರ್ಡು ಬಂದವು. ನಲವತ್ತೇಳನ್ನು ಹಿಡಿದು ಸರಿಯಾಗಿ ಬೇರೆ ಇಟ್ಟ, ಏಳನ್ನು ಹಿಡಿದರೂ ತಪ್ಪು ಟ್ರೇಗೆ ಹಾಕಿದ, ಎಂಟು ಅವನ ಕಣ್ಣಿಗೆ ಬೀಳದೆ ಗಿರಾಕಿಗೆ ಹೋದವು. ಬಿ ಮುಂದೆ ಬಂದದ್ದು ಐವತ್ತನಾಲ್ಕು. ಮೂವತ್ತೊಂದನ್ನು ಹಿಡಿದ, ತಪ್ಪು ಟ್ರೇಗೆ ಒಂದನ್ನೂ ಹಾಕಲಿಲ್ಲ, ಇಪ್ಪತ್ತಮೂರು ಗಿರಾಕಿಗೆ ಹೋದವು. ಲೈನಿನಲ್ಲಿ ಯಾರನ್ನು ಇಟ್ಟುಕೊಳ್ಳುತ್ತೀರಿ? ಯಾಕೆ?

ಬುಧವಾರ ಅವರ ಕೋಣೆಗೆ ಹೋದೆ. "ಸರ್, ಇದಕ್ಕೆ ಮಾದರಿ ಉತ್ತರ ನಿಮ್ಮದೇ ಇದ್ರೆ ಚೆನ್ನಾಗಿರುತ್ತೆ. ಹೊಸಬರಿಗೆ ನಿಮ್ಮ ಕೈಬರಹನೇ ತೋರಿಸ್ತೀನಿ."

ಅವರು ಓದಿದರು. ಓದುತ್ತಿದ್ದಂತೆ ಮುಖದಲ್ಲಿ ನಗು ಅರಳಿತು. "ಇದು ಒಳ್ಳೆ ಪ್ರಶ್ನೆ ಮಾರಾಯ್ತಿ. ಮಕ್ಕಳು ಎಲ್ಲ ಬಿ ಅಂತ ಬರೀತಾರೆ ನೋಡು. ಸೊನ್ನೆ ಕಂಡ ಕೂಡ್ಲೆ ಬೀಳ್ತಾರೆ."

"ಬೀಳ್ತಾರೆ ಸರ್."

ನೀಲಿ ಪೆನ್ನು ತೆಗೆದು ಇಂಗ್ಲಿಷಿನಲ್ಲಿ ಬರೆದರು. ಕನ್ನಡದಲ್ಲಿ ಹೇಳಿದರೆ ಇಷ್ಟು: 'ಬಿ ಬೇಡ. ಅವನ ಸೊನ್ನೆ ಅವನ ಕೌಶಲವಲ್ಲ, ಅವನು ಕೈಹಾಕಲೇ ಇಲ್ಲ. ಎ ಇರಲಿ. ಎ ಮಾಡುವ ತಪ್ಪನ್ನು ಕಲಿಸಿ ತಿದ್ದಬಹುದು. ಕಾಣದವನಿಗೆ ಕಣ್ಣು ಕೊಡಲಾಗದು. ಯಾರಿಗಾದರೂ ಸಂಶಯವಿದ್ದರೆ ಇಬ್ಬರಿಗೂ ಒಂದೇ ಬಗೆಯ ಮೂವತ್ತು ಪೀಸ್ ಕೊಟ್ಟು ಪರೀಕ್ಷಿಸಿ.' ಕೆಳಗೆ ಸಹಿ, ತಾರೀಖು.

ಕಾಗದ ಹಿಡಿದು ಹೊರಬರುವಾಗ ನನಗೆ ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. ಲಿಫ್ಟಿನ ಕನ್ನಡಿಯಲ್ಲಿ ಹಲ್ಲು ಕಾಣುವಷ್ಟು ನಗುತ್ತಿದ್ದೆ.

ಕಷ್ಟವಾದದ್ದು ಮದೀಹಾಳನ್ನು ಒಪ್ಪಿಸುವುದು. ಭಾನುವಾರ ಪಂದ್ಯವಿಲ್ಲ; ಎಲ್ಲರೂ ಮೈದಾನದಲ್ಲಿ ಸೇರಿ ಇಪೊಹ್‌ಗೆ ಹೋಗುವ ಹೆಸರು ಕಳಿಸುವುದಷ್ಟೇ. ಶನಿವಾರ ಬೆಳಿಗ್ಗೆ ಗ್ರಾಫ್ ಹಾಳೆ, ಸಹಿ ಹಾಕಿದ ಕಾಗದ ಎರಡನ್ನೂ ಅವಳ ಮುಂದಿಟ್ಟೆ. ಅವಳು ಒಂದೊಂದು ಸಾಲನ್ನೂ ಬೆರಳಿಟ್ಟು ನೋಡಿದಳು.

"ಮತ್ತ ಚುಕ್ಕಿ," ಎಂದಳು. "ಮೊದ್ಲು ಕೆಂಪು, ಈಗ ಕಪ್ಪು. ನಾ ಏನ್ ಬೋರ್ಡ್ ಏನ ನಿಂಗ?"

"ಮೂವತ್ತು ಚೆಂಡು ಅಷ್ಟೇ ಕಣೇ."

"ತಿಂಗಳಾತು ನಾ ಗ್ಲೋವ್ ಹಾಕಿಲ್ಲ. ಅಲ್ಲಿ ಬಂದು ಬಿಟ್ನಿ ಅಂದ್ರ? ನೀ ಮತ್ತ ನಗ್ತೀಯೇನ?"

"ಈ ಸಲ ಎಲ್ಲರ ಮುಂದೆ ಮೊದಲು ನನ್ನ ತಪ್ಪು ಹೇಳ್ತೀನಿ," ಎಂದೆ. "ಆಮೇಲೇ ಅವರದ್ದು."

ಅವಳು ಎದ್ದು ಹೋಗಿ ಬೀರುವಿನ ಮೇಲಿದ್ದ ಗ್ಲೋವ್ ತೆಗೆದು, ಅದಕ್ಕೆ ಎಣ್ಣೆ ಹಚ್ಚಲು ಕೂತಳು.

ಭಾನುವಾರ ಎಂಟಕ್ಕೇ ಬಿಸಿಲು ಸುಡುತ್ತಿತ್ತು. ಡೆಸ್ಮಂಡ್ ಸರ್ ಮೊಬೈಲ್ ಹಿಡಿದು "ಹಾಗಾದರೆ ಕೆಲ್ವಿನ್ ಹೆಸರು ಕಳಿಸ್ತೇನೆ" ಎನ್ನುವಾಗ ನಾನು ಎದ್ದೆ.

"ಒಂದು ನಿಮಿಷ ಸರ್. ಸ್ಕೋರ್ ಪುಸ್ತಕ ಬರೆದವಳು ನಾನು. ಕೆಂಪು ಚುಕ್ಕೆ ಚಾರ್ಟ್ ಮಾಡಿದವಳೂ ನಾನೇ. ಅದರಲ್ಲಿ ಕೈಗೆ ಬಂದು ಜಾರಿದ್ದು ಮಾತ್ರ ಇತ್ತು, ಕೈಗೇ ಬರದೆ ಹೋದದ್ದು ಇರಲಿಲ್ಲ. ಅರ್ಧ ಲೆಕ್ಕ ಅದು. ಆ ಅರ್ಧ ಲೆಕ್ಕಕ್ಕೆ ಆವತ್ತು ನಾನೂ ನಕ್ಕೆ." ಸಹಿಯ ಕಾಗದ ತೆಗೆದೆ. "ಪೂರ್ತಿ ಲೆಕ್ಕಕ್ಕೆ ಡೆಸ್ಮಂಡ್ ಸರ್ ಬುಧವಾರವೇ ತೀರ್ಪು ಕೊಟ್ಟಿದಾರೆ."

ಪ್ರಶ್ನೆ ಓದಿದೆ. ಉತ್ತರ ಓದಿದೆ. ಅವರು ಮೊದಲು ತಲೆಯಾಡಿಸುತ್ತ ಕೇಳಿದರು, ತಮ್ಮದೇ ವಾಕ್ಯ ತಮಗೆ ಹಿಡಿಸಿದವರಂತೆ. ಆಮೇಲೆ ನಾನು ಹೇಳಿದೆ: "ಎ ಅಂದ್ರೆ ಮದೀಹಾ. ಬಿ ಅಂದ್ರೆ ಕೆಲ್ವಿನ್. ಬೋರ್ಡ್ ಅಂದ್ರೆ ಚೆಂಡು. ಒಂದು ಸಂಖ್ಯೆಯನ್ನೂ ಬದಲಾಯಿಸಿಲ್ಲ, ವಿಡಿಯೊ ಇದೆ."

ಅವರ ಮುಖದಿಂದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ಬಾಯಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಅಜ್ಜಿಯ ಮಂತ್ರಿಗೆ ಹೀಗೇ ಆಗಿರಬೇಕು. ನಾನು ಅದನ್ನು ಪೂರ್ತಿ ನೋಡಿದೆ, ಕಣ್ಣು ಮಿಟುಕಿಸದೆ.

"ಇದು ಮೋಸ," ಎಂದರು. "ಬೋರ್ಡ್ ಬೇರೆ, ಆಟ ಬೇರೆ. ಹುಬ್ಬಳ್ಳಿಗೆ ಸುಲಭದ ಚೆಂಡು ಬಂದಿರ್ಬಹುದು, ಕೆಲ್ವಿನ್‌ಗೆ ಕಷ್ಟದ್ದು ಬಂದಿರ್ಬಹುದು. ಅದು ಎಲ್ಲಿ ಉಂಟು ನಿನ್ನ ಲೆಕ್ಕದಲ್ಲಿ?"

"ಅದಕ್ಕೇ ಸರ್ ಕೊನೇ ಸಾಲಲ್ಲಿ ಇಬ್ಬರಿಗೂ ಒಂದೇ ಬಗೆಯ ಮೂವತ್ತು ಪೀಸ್ ಅಂತ ನೀವೇ ಬರೆದಿದೀರ."

ಯಾರೋ ಹಿಂದಿನಿಂದ ಕೆಮ್ಮಿದರು. ಅದು ನಗು ಎಂದು ಎಲ್ಲರಿಗೂ ಗೊತ್ತಾಯಿತು. ನಿತ್ಯಣ್ಣ ಬ್ಯಾಟ್ ಎತ್ತಿಕೊಂಡು ಎದ್ದರು. "ನಾನು ಹೊಡೀತೀನಿ. ನನಗೆ ಇಬ್ಬರೂ ಒಂದೇ." ನೆಲಕ್ಕೆ ಸುಣ್ಣದಲ್ಲಿ ಆರು ಗುರುತು ಹಾಕಿದರು: ನೇರಕ್ಕೆ ಎರಡು, ಎಡಕ್ಕೆ ಎರಡು, ಬಲಕ್ಕೆ ಎರಡು. ಒಂದೊಂದು ಗುರುತಿನ ಮೇಲೂ ಐದೈದು ಚೆಂಡು, ಪ್ರತಿ ಚೆಂಡಿಗೂ ಒಬ್ಬರು ಮೊದಲನೆಯ ಬೇಸಿಗೆ ಪ್ರಾಣ ಬಿಟ್ಟು ಓಡಬೇಕು.

ಮೊದಲು ಕೆಲ್ವಿನ್. ನೇರ ಬಂದದ್ದನ್ನೆಲ್ಲ ಹೂವಿನಂತೆ ಎತ್ತಿದ. ದೂರದ ಗುರುತುಗಳಿಗೆ ಎರಡು ಹೆಜ್ಜೆ ಹಾಕಿ ನಿಂತ. ಹದಿನೆಂಟು ಔಟ್, ತಪ್ಪು ಸೊನ್ನೆ, ಹನ್ನೆರಡು ಮುಟ್ಟದೆ ಹೋದವು.

ಮದೀಹಾ ಹೋಗಿ ನಿಂತಳು. ಮೊಟ್ಟಮೊದಲ ಚೆಂಡೇ ಗ್ಲೋವಿಗೆ ಬಡಿದು ಹಾರಿತು. "ಒಂದು," ಎಂದು ಡೆಸ್ಮಂಡ್ ಸರ್ ಬೆರಳು ಮಡಿಸಿದರು. ಎರಡನೆಯದನ್ನು ಹಿಡಿದು, ಎಸೆಯಲು ತೆಗೆಯುವಾಗ ಬೀಳಿಸಿದಳು. "ಎರಡು." ಅವಳು ನನ್ನ ಕಡೆ ನೋಡಿದಳು. ನಾನು ನಗಲಿಲ್ಲ, ದೃಷ್ಟಿಯನ್ನೂ ತೆಗೆಯಲಿಲ್ಲ. ಅವಳು ಅಂಗೈಯನ್ನು ಪ್ಯಾಂಟಿಗೆ ಒರೆಸಿ, ಕಾಲು ಅಗಲಿಸಿ, ನಿತ್ಯಣ್ಣನ ಮುಂಗಾಲಿನ ಮೇಲೆ ಕಣ್ಣು ನೆಟ್ಟಳು.

ಆಮೇಲೆ ಅವಳು ಚೆಂಡಿನ ಹಿಂದೆ ಓಡಿದ್ದು ನನಗೆ ನೆನಪಿಲ್ಲ. ಚೆಂಡು ಹೋದಲ್ಲಿ ಅವಳು ಇರುತ್ತಿದ್ದಳು. ಎಡದ ಗುರುತು, ಬಲದ ಗುರುತು, ಎರಡನೆಯ ಬೇಸಿನ ಹಿಂಬದಿ. ಓಡುವವರು ಏದುಸಿರು ಬಿಡುತ್ತ ಅರ್ಧಕ್ಕೇ ನಿಲ್ಲತೊಡಗಿದರು. ಇಪ್ಪತ್ತೊಂದನೆಯದರಲ್ಲಿ ಎಸೆತ ಅಡ್ಡ ಹೋಯಿತು. ಡೆಸ್ಮಂಡ್ ಸರ್ "ಮೂರು" ಎಂದದ್ದು ಅವರಿಗೇ ಕೇಳಿಸುವಷ್ಟು ಮೆಲ್ಲಗಿತ್ತು. ಕೊನೆಗೆ ಎಣಿಸಿದರೆ ಇಪ್ಪತ್ತಮೂರು ಔಟ್, ಮೂರು ತಪ್ಪು, ನಾಲ್ಕು ಮುಟ್ಟದೆ ಹೋದವು.

"ಮೂರು ತಪ್ಪು ಉಂಟಲ್ಲ ಆದರೂ," ಎಂದರು ಡೆಸ್ಮಂಡ್ ಸರ್.

ನಿತ್ಯಣ್ಣ ಬ್ಯಾಟಿನ ಮೇಲೆ ಗದ್ದ ಊರಿ ನಿಂತಿದ್ದರು. "ಡೆಸ್ಮಂಡ್, ಹಾರಿದ್ದು ಒಂದೇ ಸಲ ಅವಳು. ಮಿಕ್ಕಿದ್ದಕ್ಕೆಲ್ಲ ಬಸ್ ಬರೋ ಮೊದಲೇ ಸ್ಟಾಪಲ್ಲಿದ್ಲು. ನಾನು ಹೇಳಿದ್ದು ಸರಿ ಇತ್ತು, ಯಾರ ಬಗ್ಗೆ ಅಂತ ಗೊತ್ತಿರಲಿಲ್ಲ."

ಕೆಲ್ವಿನ್ ಟೋಪಿ ತೆಗೆದು ತಲೆ ಒರೆಸಿಕೊಂಡ. "ಅಂಕಲ್, ಷಿ ಗಾಟ್ ಫೈವ್ ಮೋರ್ ದ್ಯಾನ್ ಮಿ. ಜಸ್ಟ್ ಸೆಂಡ್ ಹರ್ ಲಾ."

ಡೆಸ್ಮಂಡ್ ಸರ್ ಯಾರ ಮುಖವನ್ನೂ ನೋಡದೆ ಮೊಬೈಲಿನಲ್ಲಿ ಬೆರಳಾಡಿಸತೊಡಗಿದರು. "ಆಯ್ತು. ಕಳಿಸ್ತೇನೆ."

"ಓದಿ ಕಳಿಸಿ ಸರ್," ಎಂದೆ.

"ಎಲ್ಲರಿಗೂ ಗೊತ್ತಾಯ್ತಲ್ಲ, ಇನ್ನು ಎಂತ ಓದುದು?"

"ಚಾರ್ಟ್ ಓದಿದ್ರಲ್ಲ ಸರ್. ಅಷ್ಟೇ ಜೋರಾಗಿ."

ಮದೀಹಾ ಗ್ಲೋವ್ ಬಿಚ್ಚದೆ ಬಂದು ನನ್ನ ಪಕ್ಕ ನಿಂತಳು. ಬೆವರಿನಲ್ಲಿ ಮಣ್ಣು ಕಲಸಿ ಅವಳ ಕೆನ್ನೆಯ ಮೇಲೆ ಗೆರೆ ಎಳೆದಿತ್ತು. ಹದಿನಾಲ್ಕು ಜನ ಕಾಯುತ್ತಿದ್ದರು, ಒಬ್ಬರೂ ನೀರಿನ ಬಾಟಲಿಗೆ ಕೈ ಹಾಕಲಿಲ್ಲ.

"ಶಾರ್ಟ್‌ಸ್ಟಾಪ್," ಅವರು ಗಂಟಲಲ್ಲೇ ಶುರು ಮಾಡಿದರು, "ನಮ್ಮ ಹುಬ್ಬಳ್ಳಿ."

"ಪೂರ್ತಿ ಹೆಸರು ಸರ್. ಲೀಗಿನವರಿಗೆ ಅದೇ ಬೇಕು."

ಅವರು ನನ್ನನ್ನು ದಿಟ್ಟಿಸಿದರು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ನಾನು ಅವರ ಕೋಣೆಯ ಮುಂದೆಯೇ ಹಾದುಹೋಗಬೇಕು. ಅದು ಅವರ ಕಣ್ಣಲ್ಲೂ ಇತ್ತು, ನನ್ನ ಕಣ್ಣಲ್ಲೂ ಇತ್ತು. ನಾನು ಕದಲಲಿಲ್ಲ.

ಡೆಸ್ಮಂಡ್ ಸರ್ ಮೊಬೈಲನ್ನು ಮುಖದ ಹತ್ತಿರಕ್ಕೆ ತಂದು, ಮೈದಾನದ ಆ ತುದಿಯವರಿಗೂ ಕೇಳಿಸುವ ಹಾಗೆ ಓದಿದರು: "ಶಾರ್ಟ್‌ಸ್ಟಾಪ್, ಮದೀಹಾ ನದಾಫ್."